ಅಜ್ಜಿಯ ರಾಣಿ ರೂಪಾಯಿ

ಕಾರ್ಕಳದ ಅಜ್ಜಿಯ ಕರಡಿಗೆಯಲ್ಲಿ ವಿಕ್ಟೋರಿಯಾ ರಾಣಿಯ ಮುಖವಿದ್ದ 1862ರ ಬೆಳ್ಳಿ ರೂಪಾಯಿಯೊಂದು ಸಿಕ್ಕಿತು. ಆನ್‌ಲೈನ್ ಹರಾಜಿನಲ್ಲಿ ಲಕ್ಷಗಟ್ಟಲೆ ಬರುತ್ತದೆಂದು ಕಾಪುವಿನಲ್ಲಿರುವ ತಂಗಿ ಹಿಗ್ಗಿದಳು. ಕೊಳ್ಳುತ್ತೇನೆಂದವನು ರಿಸರ್ವ್ ಬ್ಯಾಂಕಿನ ಹೆಸರು ಹೇಳಿ, ಮೊದಲು ತೆರಿಗೆ ಕಟ್ಟಿ ಎಂದ. ಬಳೆ ಅಡವಿಡಲು ಹೊರಟವಳನ್ನು ತಡೆದೆ. ಹಳೆಯ ನಾಣ್ಯದ ವ್ಯವಹಾರಕ್ಕೆ ತಾನು ಶುಲ್ಕ ಕೇಳುವುದೇ ಇಲ್ಲವೆಂದು ಆ ಬ್ಯಾಂಕು 2021ರ ಆಗಸ್ಟಿನಲ್ಲೇ ಎಚ್ಚರಿಸಿತ್ತು.

ಅಲ್ಲದೆ, 1862 ಎಂಬ ಇಸವಿಯನ್ನೇ ಟಂಕಸಾಲೆಗಳು 1874ರವರೆಗೂ ಅಚ್ಚೊತ್ತಿದವು. ಅಂಥ ನಾಣ್ಯಗಳು ಕೋಟಿಗಟ್ಟಲೆ, ಅಪರೂಪವೇನಲ್ಲ.

ಹಾಗಾದರೆ ಅದಕ್ಕೆ ಬೆಲೆಯಿಲ್ಲವೇ? ಆ ರೂಪಾಯಿಯ ತೂಕವೇ ಒಂದು ತೊಲ. ಉಡುಪಿಯ ಅಕ್ಕಸಾಲಿಗರು ತಕ್ಕಡಿಯಲ್ಲಿ ಅದನ್ನೇ ಇಟ್ಟು ಅಮ್ಮನ ಕರಿಮಣಿಯ ಬಂಗಾರ ತೂಗಿದ್ದರಂತೆ. ಇದನ್ನು ಕೇಳಿ ತಂಗಿ ಸುಮ್ಮನಾದಳು.

“ಅಕ್ಕಾ, ಇದು ಕರಡಿಗೆಯಲ್ಲೇ ಇರಲಿ” ಎಂದಳು.