ಮಾಮಲ್ಲನ ಊರಿನ ದೀಪ

ಮದರಾಸಿನಲ್ಲಿ ಮೂವತ್ತು ವರ್ಷ ಬ್ಯಾಂಕಿನ ಕೆಲಸ ಮಾಡಿದರೂ ಮಹಾಬಲಿಪುರಕ್ಕೆ ಹೋದಾಗೆಲ್ಲ ಸಂಜೆಗೆ ಬಸ್ಸು ಹಿಡಿಯೋದೇ ಆಗಿತ್ತು. ನಿವೃತ್ತನಾದ ಮೇಲೆ ಮೊಮ್ಮಗಳೊಡನೆ ಅಲ್ಲಿಯ ದೀಪಸ್ತಂಭದ ಹತ್ತಿರ ಒಂದು ಕಾಟೇಜಿನಲ್ಲಿ ಎರಡು ರಾತ್ರಿ ಉಳಿದೆ.

ಕಲ್ಲಿನ ಈ ಗೋಪುರ 1904ರದು. ಅದಕ್ಕೂ ಮೊದಲು ಇಂಗ್ಲಿಷರು ಪಕ್ಕದ ಬಂಡೆಯ ಮೇಲಿರುವ ಓಲಕ್ಕಣ್ಣೇಶ್ವರ ಗುಡಿಯ ನೆತ್ತಿಯ ಮೇಲೇ ದೀಪ ಇಟ್ಟಿದ್ದರು. ಪಲ್ಲವರು 8ನೇ ಶತಮಾನದಲ್ಲಿ ಕಟ್ಟಿಸಿದ ಗುಡಿ! ಖರ್ಚು ಉಳಿಸುವ ಲೆಕ್ಕವಿರಬೇಕು. ಬ್ಯಾಂಕಿನವನಿಗೆ ಹಾಗೇ ತೋಚೋದು.

ರಾತ್ರಿ ಆ ಬೆಳಕನ್ನು ನೋಡುತ್ತಾ ಮೊಮ್ಮಗಳು, "ತಾತ, ಇದು ಮಾಮಲ್ಲನ ಊರು, ಮಾಮಲ್ಲಪುರ. ವಾತಾಪಿ ಗೆದ್ದವನು" ಎಂದಳು. ಶಾಲೆಯ ಪಾಠ. ನಿಜವೇ. ಪಲ್ಲವ ನರಸಿಂಹವರ್ಮ 642ರಲ್ಲಿ ನಮ್ಮ ಬಾದಾಮಿಯನ್ನು ಹಿಡಿದ. ನಾನು ಓದಿದ ಇಮ್ಮಡಿ ಪುಲಕೇಶಿ ಹರ್ಷನನ್ನೇ ತಡೆದ ಶೂರ. ಅವಳ ಪುಸ್ತಕದಲ್ಲಿ ಸೋತವನು.

"ಹಾಗಾದ್ರೆ ನಾವು ಸೋತವರಾ?"

ನೂರು ವರ್ಷದ ಮೇಲೆ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದದ್ದನ್ನು ಹೇಳಿದೆ. ಕೈಲಾಸನಾಥ ದೇವಾಲಯದ ಸಂಪತ್ತನ್ನು ಮುಟ್ಟದೆ ದೇವರಿಗೇ ಬಿಟ್ಟ. ಅಲ್ಲಿಯ ಕಂಬದ ಮೇಲೆ ಅವನ ಕನ್ನಡ ಶಾಸನವಿದೆ ಎಂದೆ.

"ಓದಿ ತೋರಿಸ್ತೀರಾ?"

ಆ ಹಳೆಯ ಲಿಪಿ ನನಗೂ ಬಾರದು. ಅವಳಿಗೋ, ಇಂದಿನ ಕನ್ನಡದ ಅಕ್ಷರವೇ ಬರೋದಿಲ್ಲ. ಕಲಿಸೋಣವೆಂದು ನಾನು ಒಂದು ದಿನವೂ ಸ್ಲೇಟು ಹಿಡಿದು ಕೂತವನಲ್ಲ.