ಫೇನಕಶಬ್ದಾರ್ಥವೂ ಕ್ಷೌರಾನಂತರದ ಕಂಡೂಶಮನವೂ

ಕ್ಷೌರವಾದ ಮೇಲೆ ಚರ್ಮದಲ್ಲಿ, ವಿಶೇಷವಾಗಿ ಕಾಲುಗಳಲ್ಲಿ, ಹುಟ್ಟುವ ತುರಿಕೆಯು ಶಾಸ್ತ್ರಚರ್ಚೆಗೆ ಯೋಗ್ಯವಾದ ವಿಷಯವೇ ಎಂದು ಕೆಲವರು ಶಂಕಿಸಬಹುದು. ಆದರೆ ವಾತ್ಸ್ಯಾಯನನ ಕಾಮಸೂತ್ರದಲ್ಲಿ ಬರುವ ‘ಫೇನಕ’ವೆಂಬ ಪದದ ಅರ್ಥನಿರ್ಣಯವು ಈ ತುರಿಕೆಯ ವಿಚಾರವನ್ನು ಬಿಟ್ಟು ಆಗತಕ್ಕದ್ದಲ್ಲ. 1883ರಲ್ಲಿ ಪ್ರಕಟವಾದ ಆಂಗ್ಲ ಭಾಷಾಂತರದಲ್ಲಿ ಇದು ಮೈಗೆಲ್ಲ ಹಚ್ಚುವ ನೊರೆಯ ದ್ರವ್ಯವೆಂದಿದೆ. ಅಲ್ಲಿಂದೀಚೆಗೆ ‘ಪ್ರಾಚೀನರ ಸಾಬೂನು’ ಎಂಬ ಮಾತು ಬಳಕೆಗೆ ಬಂದಿತು. ಈ ಅರ್ಥವು ಗ್ರಂಥಾಂತರಗಳಿಗೆ ಒಪ್ಪುವುದೋ ಇಲ್ಲವೋ ಎಂಬುದನ್ನು ಇಲ್ಲಿ ಪರಿಶೀಲಿಸುವೆವು.

ಮೊದಲು ಶ್ರುತಿಯನ್ನು ನೋಡೋಣ. ಶತಪಥಬ್ರಾಹ್ಮಣದ ಮೂರನೆಯ ಕಾಂಡದಲ್ಲಿ ಸೋಮಯಾಗದ ದೀಕ್ಷಾಪ್ರಕರಣವಿದೆ. ಯಜಮಾನನು ಕೇಶಶ್ಮಶ್ರುಗಳನ್ನು ತೆಗೆಯಿಸಿ, ಉಗುರು ಕತ್ತರಿಸಿಕೊಂಡು, ಸ್ನಾನ ಮಾಡಬೇಕು. ಸರ್ವಾಂಗದ ರೋಮಗಳನ್ನೂ ತೆಗೆಯಿಸುವವರು ಕೆಲವರಿದ್ದರೆಂದು ಹೇಳಿ, ಹಾಗೆ ಮಾಡಬಾರದೆಂದು ಬ್ರಾಹ್ಮಣವು ನಿಷೇಧಿಸುತ್ತದೆ. ಆದುದರಿಂದ ಅಂಗಕ್ಷೌರದ ರೂಢಿಯು ಆ ಕಾಲಕ್ಕೇ ಇದ್ದುದು ಸ್ಪಷ್ಟ. ತರುವಾಯ ಯಜಮಾನನಿಗೆ ನವನೀತದಿಂದ ಅಭ್ಯಂಗವಾಗುತ್ತದೆ. ಇದಕ್ಕೆ ಕೊಟ್ಟಿರುವ ಕಾರಣವು ಸ್ವಾರಸ್ಯವಾದುದು. ಪೂರ್ವದಲ್ಲಿ ಮನುಷ್ಯನಿಗಿದ್ದ ಚರ್ಮವನ್ನು ದೇವತೆಗಳು ಸುಲಿದು ಗೋವಿಗೆ ಹೊದಿಸಿದರಂತೆ. ಅಂದಿನಿಂದ ಮನುಷ್ಯನ ಮೈ ಹುಣ್ಣಾದಂತೆಯೇ ಇದೆ. ಬೆಣ್ಣೆಯ ಲೇಪದಿಂದ ಅವನು ಹುಣ್ಣಿಲ್ಲದವನಾಗುತ್ತಾನೆ. ಈ ಅಭ್ಯಂಗವು ತಲೆಯಿಂದ ಪಾದಗಳವರೆಗೆ ಅನುಲೋಮವಾಗಿ, ಎಂದರೆ ರೋಮವು ಬೆಳೆದ ದಿಕ್ಕಿಗೇ, ನಡೆಯಬೇಕೆಂದು ವಿಧಿ. ಆಶ್ವಲಾಯನ ಗೃಹ್ಯಸೂತ್ರದ ಚೌಲವಿಧಿಯಲ್ಲಿಯೂ ಬಿಸಿನೀರು ತಣ್ಣೀರುಗಳನ್ನು ಬೆರಸಿ, ಬೆಣ್ಣೆಯನ್ನಾಗಲಿ ಮೊಸರಿನ ಹನಿಗಳನ್ನಾಗಲಿ ತೆಗೆದುಕೊಂಡು ಶಿಶುವಿನ ತಲೆಯನ್ನು ನೆನಸಿದ ಮೇಲೆಯೇ ಕತ್ತಿಯ ಪ್ರಯೋಗ. ಹೀಗೆ ಒಂದೆಡೆ ಕ್ಷೌರದ ಮುನ್ನ, ಇನ್ನೊಂದೆಡೆ ಕ್ಷೌರದ ಅನಂತರ ಸ್ನೇಹದ್ರವ್ಯವು ವಿಹಿತವಾಗಿದೆ.

ಇನ್ನು ಪ್ರಕೃತಕ್ಕೆ ಬರೋಣ. ವಾತ್ಸ್ಯಾಯನನು ನಾಗರಕನಿಗೆ ನಿತ್ಯಸ್ನಾನವನ್ನು ಹೇಳಿ, ಎರಡನೆಯ ದಿನ ಉತ್ಸಾದನ, ಮೂರನೆಯ ದಿನ ಫೇನಕ, ನಾಲ್ಕನೆಯ ದಿನ ಆಯುಷ್ಯ, ಐದನೆಯ ಅಥವಾ ಹತ್ತನೆಯ ದಿನ ಪ್ರತ್ಯಾಯುಷ್ಯ ಎಂದು ಕ್ರಮವನ್ನು ಗೊತ್ತುಮಾಡಿದ್ದಾನೆ. ಆಯುಷ್ಯವೆಂದರೆ ಕ್ಷೌರ, ಕೇಶಶ್ಮಶ್ರುನಖಗಳನ್ನು ಕತ್ತರಿಸುವುದು ಆಯುಷ್ಯಕರವೆಂದು ಚರಕಸಂಹಿತೆಯೂ ಹೊಗಳುತ್ತದೆ. ಫೇನಕವು ಮೈಗೆಲ್ಲ ಅಲ್ಲ, ಜಂಘೆಗಳಿಗೆ ಮಾತ್ರ ಎಂದೂ, ಅದಿಲ್ಲದಿದ್ದರೆ ಜಂಘೆಗಳು ಕರ್ಕಶವಾಗುವುವೆಂದೂ ಜಯಮಂಗಲಾ ವ್ಯಾಖ್ಯಾನದ ಅಭಿಪ್ರಾಯ. ಸುಶ್ರುತನು ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯದಲ್ಲಿ ಫೇನಕವು ತೊಡೆಗಳಿಗೆ ಸ್ಥೈರ್ಯಲಾಘವಗಳನ್ನು ಕೊಟ್ಟು, ಕಂಡೂ (ತುರಿಕೆ), ಕೋಠ (ದದ್ದು) ಮೊದಲಾದುವನ್ನು ಕಳೆಯುವುದೆಂದು ಹೇಳುತ್ತಾನೆ. ಇದನ್ನು ಅವನು ಇಟ್ಟಿರುವ ಸ್ಥಾನವೇ ಗಮನಾರ್ಹ: ಉದ್ವರ್ತನ, ಉತ್ಸಾದನ, ಉದ್ಘರ್ಷಣಗಳ ಸಾಲಿನಲ್ಲಿ, ಇಟ್ಟಿಗೆಯ ಪುಡಿಯಿಂದ ಉಜ್ಜುವುದಕ್ಕೆ ಹಿಂದೆ. ಅಂದಮೇಲೆ ಫೇನಕದಲ್ಲಿ ಪ್ರಧಾನವಾದುದು ಘರ್ಷಣಕ್ರಿಯೆ. ನೊರೆಯಿದ್ದರೂ ಅದು ಅಂಗಮಾತ್ರ. ಅಂಗವು ಕಾಲು; ಪ್ರಯೋಜನವು ಕಾರ್ಕಶ್ಯಕಂಡೂನಿವಾರಣೆ. ಕೇವಲ ‘ಸಾಬೂನು’ ಎಂದರೆ ಈ ಮೂರೂ ಲೋಪವಾಗುವುವು.

ಇಲ್ಲಿ ಒಂದು ಆಕ್ಷೇಪವು ಏಳಬಹುದು. ಬ್ರಾಹ್ಮಣದ ಅಭ್ಯಂಗವು ಅನುಲೋಮವಾದರೆ, ಆಲೇಪವನ್ನು ಪ್ರತಿಲೋಮವಾಗಿ ಹಚ್ಚಬೇಕು, ಅನುಲೋಮವಾಗಿ ಕೂಡದು ಎಂದು ಸುಶ್ರುತನು ಸೂತ್ರಸ್ಥಾನದಲ್ಲಿ ಹೇಳಿರುವುದೇಕೆ? ಉತ್ತರವು ಪ್ರಕರಣದಲ್ಲಿಯೇ ಇದೆ. ಅಲ್ಲಿಯ ವಿಷಯವು ಶೋಫವ್ರಣಗಳ ಔಷಧ; ಅದು ರೋಮಕೂಪಗಳನ್ನು ಪ್ರವೇಶಿಸಬೇಕಾದುದು. ಸ್ವಸ್ಥವಾದ ಚರ್ಮಕ್ಕೆ ಹಚ್ಚುವ ಸ್ನೇಹಕ್ಕೆ ಆ ವಿಧಿಯು ಅನ್ವಯಿಸದು. ಇಂದಿನ ವೈದ್ಯರು ಸ್ನಿಗ್ಧಲೇಪಗಳನ್ನು ರೋಮದ ದಿಕ್ಕಿಗೇ ಸವರಬೇಕೆನ್ನುತ್ತಾರೆ. ಎದುರಾಗಿ ತಿಕ್ಕಿದರೆ ರೋಮಕೂಪಗಳು ಕೆರಳಿ ಗುಳ್ಳೆಗಳೇಳಬಹುದು. ಬ್ರಾಹ್ಮಣೋಕ್ತವಾದ ಕ್ರಮಕ್ಕೂ ಇದಕ್ಕೂ ವಿರೋಧವಿಲ್ಲ.

ಕತ್ತಿಯನ್ನು ಬಿಟ್ಟು ರೋಮಶಾತನದ ಬೇರೆ ಮಾರ್ಗವೂ ಇದ್ದಿತು. ಎರಡು ಭಾಗ ಶಂಖಚೂರ್ಣ, ಒಂದು ಭಾಗ ಹರಿತಾಲ, ಇವನ್ನು ಶುಕ್ತದಲ್ಲಿ ಅರೆದ ಯೋಗವು ಸುಶ್ರುತನಲ್ಲಿದೆ. ಹರಿತಾಲವು ಪಾಷಾಣವಿಷದ ಸಂಯುಕ್ತವಾದುದರಿಂದ ಇದು ಚರಿತ್ರೆಯಾಗಿ ತಿಳಿಯಬೇಕಾದುದೇ ಹೊರತು ಪ್ರಯೋಗಿಸತಕ್ಕದ್ದಲ್ಲ.

ಪ್ರಾಚೀನರ ಕ್ರಮವು ಯುಕ್ತಿಯುಕ್ತವೆಂಬುದಕ್ಕೆ ಆಧುನಿಕ ಶಾಸ್ತ್ರವೂ ಅನುಕೂಲವಾಗಿದೆ. ಕತ್ತಿಯು ರೋಮದೊಡನೆ ಚರ್ಮದ ಮೇಲ್ಪದರವನ್ನೂ ಹೆರೆಯುತ್ತದೆ. ಒಣಗಿದ ಚರ್ಮವು ತುರಿಸುತ್ತದೆ. ಹರಿತವಾಗಿ ಕತ್ತರಿಸಿದ ರೋಮಾಗ್ರವು ಬೆಳೆಯುವಾಗ ಚುಚ್ಚುತ್ತದೆ, ಕೆಲವೊಮ್ಮೆ ಬಾಗಿ ಒಳಕ್ಕೇ ಹೊಗುತ್ತದೆ. ಬೆಚ್ಚನೆಯ ನೀರಿನಲ್ಲಿ ನೆನೆದ ರೋಮವು ಮೃದುವಾಗಿ ಸುಲಭವಾಗಿ ಕತ್ತರಿಸಲ್ಪಡುತ್ತದೆ. ಕೂಡಲೇ ತಣ್ಣೀರಿನ ಬಟ್ಟೆಯೂ ಗಂಧವಿಲ್ಲದ ಸ್ನಿಗ್ಧಲೇಪವೂ ಹಿತ. ಕೆರೆಯುವುದೂ ಬಿಗಿಯಾದ ಉಡುಪೂ ಅಹಿತ. ಮೃದುವಾದ ಘರ್ಷಣವು ಸಿಕ್ಕಿಕೊಂಡ ರೋಮಾಗ್ರವನ್ನು ಬಿಡಿಸುವುದು ನಿಜ. ಆದರೆ ಆಗತಾನೇ ಕ್ಷೌರವಾದ ಚರ್ಮಕ್ಕೆ ಅದೇ ಉರಿಯನ್ನು ತರುವುದು. ವಾತ್ಸ್ಯಾಯನನು ಫೇನಕವನ್ನು ಆಯುಷ್ಯದ ಅಂಗವಾಗಿ ಹೇಳದೆ ಅದಕ್ಕೆ ಬೇರೆಯೇ ದಿನಗಣನೆಯನ್ನಿಟ್ಟಿರುವುದು ಇಲ್ಲಿ ಸ್ಮರಣೀಯ.

ಆದುದರಿಂದ ಫೇನಕವೆಂದರೆ ಕಾಲುಗಳ ಕಾರ್ಕಶ್ಯಕಂಡೂನಿವಾರಣಾರ್ಥವಾದ ಘರ್ಷಣವಿಶೇಷವೆಂದು ನಮಗೆ ತೋರುತ್ತದೆ. ಕಾಮಶಾಸ್ತ್ರದ ಪದವೊಂದರ ಅರ್ಥವು ವೈದ್ಯಸಂಹಿತೆಯಿಂದ ಬೆಳಗುವುದಾದರೆ, ನಾಗರಕವೃತ್ತವನ್ನು ಬರಿಯ ವಿಲಾಸವರ್ಣನೆಯೆಂದು ಬದಿಗಿಡುವುದು ಉಚಿತವಲ್ಲ. ಕೋಶಕಾರರೂ ಅಧ್ಯಾಪಕರೂ ಈ ಅರ್ಥವನ್ನು ವಿಮರ್ಶಿಸಿ, ಸಾಧುವೆಂದು ಕಂಡರೆ ಅಂಗೀಕರಿಸಬೇಕೆಂದು ಪ್ರಾರ್ಥನೆ.