ಅರಸನ ಮಂಚ, ಮನೆಯ ಕೌದಿ

ಹಂಪೆಯ ಅರಮನೆಗಳಲ್ಲಿ ಬಹುಮಟ್ಟಿಗೆ ಉಳಿದಿರುವುದು ಕಲ್ಲಿನ ಜಗತಿ. ಮೇಲಿನ ಮರಗೆಲಸವೆಲ್ಲ ಹೋಯಿತು. ಆದರೂ ಅರಸನ ಹಾಸಿಗೆ ನಮಗೆ ಗೊತ್ತು. 1535ರ ಸುಮಾರಿನ ಪೋರ್ಚುಗೀಸ್ ನೂನಿಜ್ ಅದನ್ನು ಬಣ್ಣಿಸಿದ್ದಾನೆ: ಚಿನ್ನದ ಕಾಲಿನ ಮಂಚ, ರೇಷ್ಮೆಯ ಹಾಸಿಗೆ, ಮುತ್ತು ಕಟ್ಟಿದ ದಿಂಬು, ಬೆಳ್ಳಿ ಚೌಕಟ್ಟಿನ ಸೊಳ್ಳೆಪರದೆ. ದಂಡಯಾತ್ರೆಗೂ ದೊಡ್ಡದೊಂದು ಮಂಚ ಹೊರಡುತ್ತಿತ್ತಂತೆ! ಉಳಿದವರ ಮಾತೇನು? 1567ರಲ್ಲಿ ಬಂದ ವೆನಿಸಿನ ಸೀಸರ್ ಫ್ರೆಡರಿಕ್, ಅರಮನೆ ಗುಡಿಗಳನ್ನು ಬಿಟ್ಟರೆ ಮನೆಗಳೆಲ್ಲ ಮಣ್ಣಿನ ಗೋಡೆಯವು ಎಂದು ಹೇಳಿ ಮುಂದೆ ಸಾಗಿದ.

ಆ ಮಣ್ಣಿನ ಮನೆಗಳ ಬಾಳು ಹೇಗಿದ್ದೀತೆಂದು ಊಹಿಸಲು ನನಗೆ ನೆರವಾದದ್ದು ಕಂಪ್ಲಿ, ಹೊಸಪೇಟೆಗಳ ಹಳೆಯ ಮಾಳಿಗೆ ಮನೆಗಳು. ಜಂತಿಗೆ ಎರಡು ಹಗ್ಗ, ಹಗ್ಗಕ್ಕೆ ಅಡ್ಡಲಾಗಿ ಬಿದಿರ ಗಳ. ಬೆಳಗಾದರೆ ಕೌದಿ ಕಂಬಳಿಗಳೆಲ್ಲ ಗಳದ ಮೇಲೆ, ಚಾಪೆ ಸುರುಳಿಯಾಗಿ ಮೂಲೆಗೆ. ಮಲಗಿದ ಕೋಣೆಯಲ್ಲೇ ಊಟದ ಎಲೆ. ನೆಲದ ತೇವ ತಾಗದು; ಚೇಳು ಸೇರುವ ಭಯವೂ ಕಡಿಮೆ. ಇದೇ ಕೆಲಸಕ್ಕೆ ಜಪಾನೀಯರು ಗೋಡೆಯೊಳಗೆ ಮೂರಡಿ ಆಳದ ‘ಒಶಿಇರೆ’ ಮಾಡಿ, ಕಾಗದ ಅಂಟಿಸಿದ ಜಾರುಬಾಗಿಲು ಎಳೆಯುತ್ತಾರೆ. ಅದನ್ನು ಲೋಕವೆಲ್ಲ ಹೊಗಳುತ್ತದೆ. ನಮ್ಮ ಗಳಕ್ಕೆ ಬಾಗಿಲೂ ಇಲ್ಲ, ಬಣ್ಣಿಸಿದವರೂ ಕಡಿಮೆ.

ನಾನು ಕಂಡ ಮನೆಗಳಲ್ಲಿ ಆರ್.ಸಿ.ಸಿ. ಬಂದು ಜಂತಿ ಹೋಯಿತು. ಕೌದಿಗಳು ಕಬ್ಬಿಣದ ಬೀರುವಿಗೆ ಸೇರಿದವು, ಬಿದಿರು ಬಚ್ಚಲೊಲೆಗೆ.